ಅಮ್ಮನ ಐದು ಡಿಗ್ರಿ

ನನ್ನ ತಮ್ಮ ಅಳೆಯುತ್ತಾನೆ, ನಾನು ಬರೆಯುತ್ತೇನೆ. ಆರು ವರ್ಷಗಳಿಂದ ಇದೇ ನಮ್ಮ ಕಸುಬು. ಕಂಪ್ಯೂಟರಿನ ಹೊಸ ಪ್ರೊಸೆಸರ್ ಯಾವುದೇ ಬರಲಿ, ಅಂಗಡಿ ಸೇರುವ ಮೊದಲು ನಮ್ಮ ಮನೆಗೆ ಬರುತ್ತದೆ. ಅದನ್ನು ಹಿಂಡಿ ಹಿಪ್ಪೆ ಮಾಡಿ, ಎಷ್ಟು ವೇಗ, ಎಷ್ಟು ಬಿಸಿ, ಎಷ್ಟು ಕರೆಂಟು ಕುಡಿಯುತ್ತದೆ ಎಂದು ನಾವು ಒಂದು ಪತ್ರಿಕೆಗೆ ಬರೆದು ಕಳಿಸುತ್ತೇವೆ. ಓದುಗರು ನನ್ನ ಬರವಣಿಗೆಯನ್ನು ಹೊಗಳುವುದು ಅಪರೂಪ. ತಮ್ಮನ ಕೋಷ್ಟಕಗಳನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುತ್ತಾರೆ. ಇದರಿಂದ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ.

ಹೊಗಳಿಕೆ ಅವನಿಗೆ ಸಲ್ಲಬೇಕಾದದ್ದೇ. ಅವನದು ಹುಟ್ಟಾ ಅನುಮಾನದ ಬುದ್ಧಿ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೊಮ್ಮೆ ಎಳೆದು ನೋಡುವ ಪೈಕಿ. ಒಂದೊಂದು ಪರೀಕ್ಷೆಯನ್ನೂ ಮೂರು ಸಲ ಮಾಡಿ ನಡುವಿನ ಅಂಕಿಯನ್ನು ಬರೆದುಕೊಳ್ಳುತ್ತಾನೆ. ಪರೀಕ್ಷೆಗೆ ಮೊದಲು ನೋಡಬೇಕಾದ ಇಪ್ಪತ್ತೇಳು ಸಂಗತಿಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ್ದಾನೆ. ಬಾಗಿಲು ಮುಚ್ಚಿದೆಯೇ, ಪರದೆ ಎಳೆದಿದೆಯೇ, ಬಾಗಿಲ ಪಕ್ಕದ ಥರ್ಮಾಮೀಟರು ಸರಿಯಾಗಿ ಇಪ್ಪತ್ತನಾಲ್ಕು ತೋರಿಸುತ್ತಿದೆಯೇ, ಫ್ಯಾನು ಎಷ್ಟು ಸುತ್ತು ಸುತ್ತುತ್ತಿದೆ, ಹೀಗೆ. ಆ ಪಟ್ಟಿಯನ್ನು ಬೆರಳಿಟ್ಟು ಓದದೆ ಅವನು ಸ್ವಿಚ್ಚು ಒತ್ತುವುದಿಲ್ಲ. ಮದುವೆಗೆ ಹೆಣ್ಣು ನೋಡಲು ಹೋದರೂ ಹೀಗೇ ಮಾಡುತ್ತಾನೆ, ಅದಕ್ಕೇ ಇನ್ನೂ ಒಂಟಿ ಎಂದು ನಾನು ರೇಗಿಸುತ್ತಿರುತ್ತೇನೆ.

ಪರೀಕ್ಷೆಯ ಕೋಣೆ ಮನೆಯ ಹಿಂಭಾಗದಲ್ಲಿದೆ. ಚಿಕ್ಕದು, ಇಬ್ಬರು ಓಡಾಡಿದರೆ ಮೂರನೆಯವರು ಗೋಡೆಗೆ ಒರಗಬೇಕು. ಒಂದು ಗೋಡೆಯ ಪಕ್ಕ ಉದ್ದನೆಯ ಮೇಜು. ಅದರ ಮೇಲೆ ಪೆಟ್ಟಿಗೆಯಿಲ್ಲದೆ ಬಿಚ್ಚಿಟ್ಟ ಕಂಪ್ಯೂಟರು: ಅಂಗಾತ ಮಲಗಿಸಿದ ಮದರ್‌ಬೋರ್ಡು, ಅದರ ನಡುವೆ ಪ್ರೊಸೆಸರು, ಅದರ ತಲೆಯ ಮೇಲೆ ಬಿಸಿ ಹೀರುವ ಕೂಲರು ಮತ್ತು ಫ್ಯಾನು. ಎದುರು ಗೋಡೆಯಲ್ಲಿ ಏಸಿ. ಏಸಿಗೂ ಮೇಜಿಗೂ ನಡುವೆ, ಮೇಜಿನಿಂದ ಒಂದು ಗೇಣು ದೂರದಲ್ಲಿ, ಅಮ್ಮನ ಬೆತ್ತದ ಕುರ್ಚಿ.

ಅಮ್ಮ ನಲವತ್ತು ವರ್ಷ ಒಂದು ದರ್ಜಿ ಅಂಗಡಿಯಲ್ಲಿ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಹೊಲಿದವಳು. ಈಗ ಅಕ್ಕಪಕ್ಕದವರ ಪ್ಯಾಂಟಿನ ಅಂಚು ಮಡಿಸುವುದು, ಕಿತ್ತ ಗುಂಡಿ ಹಾಕುವುದು ಇಷ್ಟೇ ಕೆಲಸ. ಅದನ್ನು ಎಲ್ಲಿ ಬೇಕಾದರೂ ಕೂತು ಮಾಡಬಹುದಿತ್ತು. ಆದರೆ ನಾವು ಕೋಣೆ ಶುರು ಮಾಡಿದ ದಿನದಿಂದಲೂ ಅವಳು ಬಟ್ಟೆಯ ಚೀಲ, ಒಂದು ಪುಟ್ಟ ಓದುವ ದೀಪ ಹಿಡಿದುಕೊಂಡು ಅಲ್ಲಿಗೇ ಬಂದು ಕೂರುತ್ತಿದ್ದಳು. ಏಸಿ ತಂಪಿಗೆ ಬರುತ್ತಾಳೆ ಎಂದು ನಾವಂದುಕೊಂಡಿದ್ದೆವು. ಹಾಗೆ ಬಂದವಳು ಚಳಿಯೆಂದು ದಪ್ಪ ಶಾಲು ಹೊದ್ದುಕೊಂಡು ಕೂರುತ್ತಿದ್ದಳು. ಇದರಲ್ಲಿ ಏನೋ ತಾಳ ತಪ್ಪಿದೆ ಎಂದು ಆರು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ.

ಆ ಸೋಮವಾರ ಬಂದದ್ದು ಸಾಮಾನ್ಯ ಪ್ರೊಸೆಸರಲ್ಲ. ಹದಿನಾರು ಕೋರುಗಳದ್ದು, ಎಂದರೆ ಒಂದೇ ತಲೆಯಲ್ಲಿ ಹದಿನಾರು ಮಿದುಳು, ಆ ಕಂಪನಿಯ ವರ್ಷದ ದೊಡ್ಡ ಸರಕು. ಹಿಂದಿನ ವರ್ಷದ ದೊಡ್ಡಣ್ಣನಿಗಿಂತ ವೇಗ ಹೆಚ್ಚು, ಆದರೂ ಐದು ಡಿಗ್ರಿ ತಣ್ಣಗಿರುತ್ತದೆ ಎಂದು ಜೊತೆಗಿದ್ದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಹೇಳಿಕೊಂಡಿದ್ದರು. ಶುಕ್ರವಾರ ಸಂಜೆ ಆರಕ್ಕೆ ಎಲ್ಲ ಪತ್ರಿಕೆಗಳೂ ಒಟ್ಟಿಗೆ ವಿಮರ್ಶೆ ಪ್ರಕಟಿಸಬಹುದು ಎಂಬ ಕರಾರು. ಸಾಲದ್ದಕ್ಕೆ ಈ ಸಲ ವಿಡಿಯೋವೂ ಬೇಕೆಂದು ಸಂಪಾದಕರು ಕೂತಿದ್ದರು. ಕ್ಯಾಮೆರಾ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಎರಡು ಸಲ ಶುರು ಮಾಡಿ ಎರಡು ಸಲವೂ ತೊದಲಿದೆ. ಮೂರನೇ ಸಲ ಇನ್ನೇನು ಸರಾಗವಾಗಿ ಬರುತ್ತಿದೆ ಅನ್ನುವಾಗ, ಅಮ್ಮ ಹಲ್ಲಿನಲ್ಲಿ ದಾರ ಕಡಿದು, ನನ್ನ ಕೈಯಲ್ಲಿದ್ದ ಪ್ರೊಸೆಸರನ್ನೂ ಅದು ಬಂದ ಪೆಟ್ಟಿಗೆಯನ್ನೂ ನೋಡಿ, "ಇಷ್ಟೇ ಇಷ್ಟಕ್ಕೆ ಅಷ್ಟು ದೊಡ್ಡ ಡಬ್ಬಿನಾ?" ಅಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಮನೆಯವರಿಗೆಲ್ಲ ಗೊತ್ತು. ಆದರೂ ಅವತ್ತು ಆಡಿದ ಮಾತನ್ನು ಆ ಲೆಕ್ಕಕ್ಕೆ ಹಾಕಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

"ಅಮ್ಮ, ಇದು ಕೆಲಸ ಮಾಡೋ ಜಾಗ. ಇಲ್ಲಿ ನಿಂದೇನು ಕೆಲಸ?" ಅಂದೆ.

ತಮ್ಮ ನನ್ನ ಮುಖ ನೋಡಿದ. ಅಮ್ಮ ಸೂಜಿಯನ್ನು ದಾರದುಂಡೆಗೆ ಚುಚ್ಚಿ, ಬಟ್ಟೆ ಮಡಿಸಿ ಚೀಲಕ್ಕೆ ಹಾಕಿ, ದೀಪದ ವೈರು ಸುತ್ತಿಕೊಂಡು, ಶಾಲಿನ ತುದಿ ಮೇಜಿಗೆ ತಗುಲದ ಹಾಗೆ ಎತ್ತಿ ಹಿಡಿದು ಹೊರಗೆ ಹೋದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ನಾನು ನಾಲ್ಕನೇ ಸಲ ಶುರು ಮಾಡಿದೆ. ವಿಡಿಯೋ ಚೆನ್ನಾಗಿಯೇ ಬಂತು.

ಊಟದ ಹೊತ್ತಿಗೆ ಅಮ್ಮ ತಟ್ಟೆ ನೋಡಿಕೊಂಡೇ ಹೇಳಿದಳು, "ಶನಿವಾರ ಬೆಳಗ್ಗೆ ಬಸ್ಸಿಗೆ ಚಿಕ್ಕಮ್ಮನ ಊರಿಗೆ ಹೊರಟಿದ್ದೀನಿ."

"ಎಷ್ಟು ದಿನಕ್ಕೆ?" ತಮ್ಮ ಕೇಳಿದ.

"ಅಲ್ಲೇ ಇದ್ದುಬಿಡೋಣ ಅಂತ. ಅವಳ ಅಂಗಡೀಲಿ ಸ್ಕೂಲ್ ಯೂನಿಫಾರ್ಮಿನ ರಾಶಿ ಬಿದ್ದಿದೆಯಂತೆ, ಕತ್ತರಿ ಹಿಡಿಯೋಕೆ ಒಬ್ಬರು ಬೇಕಂತೆ. ಎಷ್ಟು ವರ್ಷದಿಂದ ಬಾ ಬಾ ಅಂತಿದ್ದಾಳೆ. ಅಲ್ಲಿ ನನಗೆ ಕೆಲಸ ಇದೆ."

ಕೊನೆಯ ಮಾತನ್ನು ಯಾರಿಗೂ ಚುಚ್ಚುವಂತೆ ಹೇಳಲಿಲ್ಲ. ಆದರೂ ನನಗೆ ಅದು ಚುಚ್ಚಿತು. ಆಗಲೇ "ತಪ್ಪಾಯ್ತಮ್ಮ" ಅಂದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪು ಒಪ್ಪಿಕೊಳ್ಳಬೇಕೆಂದರೆ ನನ್ನ ನಾಲಿಗೆ ಮೇಲೇಳುವುದಿಲ್ಲ. ಶುಕ್ರವಾರದ ಕೆಲಸ ಒಂದು ಮುಗಿಯಲಿ, ಆಮೇಲೆ ಸಮಾಧಾನವಾಗಿ ಮಾತಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮಾರನೆಯ ದಿನ ನೋಡಿದರೆ ಅಟ್ಟದ ಮೇಲಿದ್ದ ದೊಡ್ಡ ಸೂಟ್‌ಕೇಸು ಕೆಳಗಿಳಿದಿತ್ತು.

ಮಂಗಳವಾರ ಪರೀಕ್ಷೆ ಶುರುವಾಯಿತು. ಮೂರು ಆಯಾಮದ ಚಿತ್ರ ಬಿಡಿಸುವ ಕೆಲಸವೊಂದನ್ನು ಕೊಟ್ಟು ಹದಿನಾರೂ ಕೋರುಗಳನ್ನು ಇಪ್ಪತ್ತೈದು ನಿಮಿಷ ದುಡಿಸುವುದು ತಮ್ಮನ ಮುಖ್ಯ ಪರೀಕ್ಷೆ. ಹಳೆಯ ದೊಡ್ಡಣ್ಣ ಇದರಲ್ಲಿ ಎಂಬತ್ತನಾಲ್ಕು ಡಿಗ್ರಿಗೆ ಏರಿ ನಿಂತಿದ್ದ ಎಂದು ನಮ್ಮ ಕೋಷ್ಟಕ ಹೇಳುತ್ತಿತ್ತು. ಹೊಸದು ಮೊದಲ ಸಲ ಎಪ್ಪತ್ತೊಂಬತ್ತಕ್ಕೆ ನಿಂತಿತು. ಎರಡನೇ ಸಲ ಎಪ್ಪತ್ತೊಂಬತ್ತು. ಮೂರನೇ ಸಲ ಎಪ್ಪತ್ತೆಂಟೂವರೆ. ವೇಗವೂ ಹಳೆಯದಕ್ಕಿಂತ ನೂರಕ್ಕೆ ಹದಿನೆಂಟು ಪಾಲು ಹೆಚ್ಚು.

ಕಂಪನಿ ಹೇಳಿದ್ದು ಐದು ಡಿಗ್ರಿ, ಬಂದದ್ದು ಐದು ಡಿಗ್ರಿ. ಆರು ವರ್ಷದಲ್ಲಿ ಕಂಪನಿಯೊಂದು ಹೇಳಿದ್ದು ಅಕ್ಷರಶಃ ನಿಜವಾದದ್ದು ಇದೇ ಮೊದಲು. ನಾನು ಕುಣಿದಾಡುವುದೊಂದು ಬಾಕಿ. ತಲೆಬರಹ ಬರೆದೆ, ಮೊದಲ ಎರಡು ಪುಟ ಬರೆದೆ, ಎಂದೂ ಬಳಸದ 'ಅದ್ಭುತ' ಎಂಬ ಪದವನ್ನೂ ಒಂದು ಕಡೆ ಬಳಸಿಬಿಟ್ಟೆ.

ತಮ್ಮ ಓದಿ, ಮೂಗು ಕೆರೆದುಕೊಂಡ. "ಇಷ್ಟು ಸರಿಯಾಗಿ ಬರಬಾರದು ಕಣೇ ಅಕ್ಕ."

"ಬಂದ್ರೆ ನಿನಗೇನು ಕಷ್ಟ?"

"ಹಳೇದನ್ನ ಇನ್ನೊಂದು ಸಲ ಹಾಕಿ ನೋಡ್ತೀನಿ."

ಬುಧವಾರ ಹೊಸದನ್ನು ತೆಗೆದು ಹಳೆಯದನ್ನು ಕೂರಿಸಿದ. ಅದೇ ಕೂಲರು, ಕೂಲರಿನಡಿ ಹಚ್ಚುವ ಅದೇ ಪೇಸ್ಟು, ಅದೇ ಪಟ್ಟಿಯ ಇಪ್ಪತ್ತೇಳು ಸಂಗತಿ. ಒಂದು ವರ್ಷದಿಂದ ನಮ್ಮ ಕೋಷ್ಟಕದಲ್ಲಿ ಎಂಬತ್ತನಾಲ್ಕು ಎಂದು ಬರೆಸಿಕೊಂಡು ಕೂತಿದ್ದ ದೊಡ್ಡಣ್ಣನೂ ಎಪ್ಪತ್ತೊಂಬತ್ತಕ್ಕೆ ನಿಂತ.

ಹಾಗಾದರೆ ತಣ್ಣಗಾದದ್ದು ಹೊಸ ಪ್ರೊಸೆಸರಲ್ಲ. ತಣ್ಣಗಾದದ್ದು ನಮ್ಮ ಕೋಣೆ. ಆದರೆ ಬಾಗಿಲ ಪಕ್ಕದ ಥರ್ಮಾಮೀಟರು ಇಪ್ಪತ್ತನಾಲ್ಕು ಬಿಟ್ಟು ಅಲ್ಲಾಡಿರಲಿಲ್ಲ.

ಅಲ್ಲಿಂದ ಮುಂದೆ ತಮ್ಮನಿಗೆ ಊಟ ರುಚಿಸಲಿಲ್ಲ. ಫ್ಯಾನು ಬದಲಿಸಿದ. ಪೇಸ್ಟು ಒರೆಸಿ ಮತ್ತೆ ಹಚ್ಚಿದ. ಏಸಿಯ ಜಾಲರಿ ಬಿಚ್ಚಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಮೂರು ಥರ್ಮಾಮೀಟರು ತಂದು ಒಂದಕ್ಕೊಂದು ಹೋಲಿಸಿದ. ಎಲ್ಲವೂ ಸರಿಯಾಗಿದ್ದವು. ಪಟ್ಟಿಯನ್ನು ಇಪ್ಪತ್ತು ಸಲ ಓದಿದ. ಅಷ್ಟರಲ್ಲಿ ನಾನು ಹೊರಗಿನ ಕೋಣೆಗೆ ನಾಲ್ಕೈದು ಸಲ ಹೋಗಿ ಬಂದೆ. ಅಮ್ಮ ಕಿಟಕಿಯ ಪಕ್ಕ ಕೂತು ಗುಂಡಿ ಹಾಕುತ್ತಿದ್ದಳು. ಸೂಟ್‌ಕೇಸಿನ ಪಕ್ಕ ಮಡಿಸಿದ ಬಟ್ಟೆಗಳ ರಾಶಿ ಪ್ರತಿ ಸಲವೂ ಒಂದಿಷ್ಟು ಕರಗಿರುತ್ತಿತ್ತು. "ಕಾಫಿ ಬೇಕಾ?" ಎಂದು ಕೇಳುವಳು. ನಾನು "ಬೇಡ" ಎನ್ನುವೆ. ಇಷ್ಟೇ ನಮ್ಮ ಮಾತು.

ಗುರುವಾರ ಮಧ್ಯಾಹ್ನ ತಮ್ಮ ಕೈಚೆಲ್ಲಿದ. ಹಳೆಯ ಪ್ರೊಸೆಸರನ್ನು ಆರನೇ ಸಲ ಓಡಲು ಬಿಟ್ಟು, ಎರಡು ಬ್ರೆಡ್ಡಿನ ತುಂಡು ತಟ್ಟೆಗೆ ಹಾಕಿಕೊಂಡು, ಕಾಲು ಸೋತು ಅಮ್ಮನ ಕುರ್ಚಿಯಲ್ಲಿ ಕುಸಿದ. ನಾನು ಮೇಜಿನ ಕೊನೆಯಲ್ಲಿ ಕೂತು ನನ್ನ 'ಅದ್ಭುತ'ವನ್ನು ಅಳಿಸುತ್ತಿದ್ದೆ. ಪರದೆಯ ಮೇಲೆ ಬಿಸಿಯ ಕೆಂಪು ಗೆರೆ ಎಪ್ಪತ್ತೊಂಬತ್ತರಲ್ಲಿ ಮಲಗಿತ್ತು. ಮೊದಲ ತುಂಡು ಮುಗಿಯುವ ಹೊತ್ತಿಗೆ ಅದು ತಲೆ ಎತ್ತಿತು. ಎಂಬತ್ತು. ಎಂಬತ್ತೊಂದು. ಎರಡನೇ ತುಂಡಿನ ಹೊತ್ತಿಗೆ ಎಂಬತ್ತಮೂರು.

"ಏ, ಏನು ಮಾಡ್ದೆ ಅದಕ್ಕೆ?" ಅಂದೆ.

"ನಾನೇನು ಮಾಡ್ಲಿ, ತಿಂತಾ ಕೂತಿದ್ದೀನಿ."

ನೀರು ಕುಡಿಯಲು ಎದ್ದು ಹೋದ. ಗೆರೆ ನಿಧಾನವಾಗಿ ಇಳಿಯಿತು. ಬಂದು ಕೂತ. ಏರಿತು. "ಎದ್ದೇಳು," ಅಂದೆ. ಎದ್ದ. ಇಳಿಯಿತು. "ನೀನು ಕೂತ್ಕೋ," ಅಂದ. ನಾನು ಕೂತೆ. ಏಸಿಯಿಂದ ಬರುವ ಗಾಳಿಯೆಲ್ಲ ನನ್ನ ಬೆನ್ನಿಗೆ ರಾಚುತ್ತಿತ್ತು. ಐದು ನಿಮಿಷದಲ್ಲಿ ಬೆನ್ನು ಮರಗಟ್ಟಿತು. ಗೆರೆ ಎಂಬತ್ತೆರಡೂವರೆಯಲ್ಲಿ ನಿಂತಿತು.

"ನೀನು ಕಮ್ಮಿ. ಸಣ್ಣಗಿದ್ದೀಯಲ್ಲ, ಗಾಳಿ ಪಕ್ಕದಿಂದ ನುಗ್ಗುತ್ತೆ," ಎಂದ ತಮ್ಮ.

"ಹೊಗಳ್ತಿದ್ದೀಯಾ, ಬೈತಿದ್ದೀಯಾ?"

ಅವನು ಗೋಡೆಯ ಪಟ್ಟಿಯನ್ನೇ ನೋಡುತ್ತಿದ್ದ. ಬಾಗಿಲಿತ್ತು, ಪರದೆಯಿತ್ತು, ಕಿಟಕಿಯ ಸಂದಿಯಿತ್ತು, ಟ್ಯೂಬ್‌ಲೈಟಿತ್ತು. ಅಮ್ಮ ಇರಲಿಲ್ಲ. ಆರು ವರ್ಷ, ಪ್ರತಿಯೊಂದು ಪರೀಕ್ಷೆಗೂ, ಏಸಿಯ ತಣ್ಣನೆಯ ಗಾಳಿಯನ್ನೆಲ್ಲ ಬೆನ್ನಿನ ಮೇಲೆ ತಡೆದುಕೊಂಡು, ತನ್ನ ಮೈಬಿಸಿಯನ್ನೂ ಓದುವ ದೀಪದ ಬಿಸಿಯನ್ನೂ ಸೇರಿಸಿ, ಅಮ್ಮ ಆ ಕುರ್ಚಿಯಲ್ಲಿ ಕೂತಿದ್ದಳು. ಥರ್ಮಾಮೀಟರು ದೂರದ ಬಾಗಿಲ ಪಕ್ಕವಿದ್ದುದರಿಂದ ಅದಕ್ಕೆ ಅಮ್ಮನ ಸುದ್ದಿಯೇ ಗೊತ್ತಿರಲಿಲ್ಲ. ನಮ್ಮ ಕೋಷ್ಟಕದ ಪ್ರತಿಯೊಂದು ಅಂಕಿಯಲ್ಲೂ ಅವಳಿದ್ದಳು. ನಾನು ಅವಳನ್ನು ಎಬ್ಬಿಸಿ ಕಳಿಸಿದ ಮೇಲಷ್ಟೇ ಅದು ಕಾಣಿಸಿದ್ದು.

ನನಗೆ ನಗು ಬಂತು, ಆಮೇಲೆ ಸಂಕಟವಾಯಿತು, ಆಮೇಲೆ, ಸುಳ್ಳೇಕೆ ಹೇಳಲಿ, ಒಂದು ಉಪಾಯ ಹೊಳೆದ ಖುಷಿಯಾಯಿತು. ಇಲ್ಲಿ ನಿನಗೆ ಕೆಲಸ ಇದೆ ಎಂದು ಅಂಕಿ ಅಂಶ ಸಮೇತ ತೋರಿಸಿದರೆ ಅಮ್ಮ ಹೋಗುವುದಿಲ್ಲ. ಕ್ಷಮೆ ಕೇಳುವ ಗೋಜೂ ತಪ್ಪುತ್ತದೆ.

ಹೊರಗಿನ ಕೋಣೆಗೆ ಇಬ್ಬರೂ ಹೋದೆವು.

"ಅಮ್ಮ, ಸ್ವಲ್ಪ ಬಂದು ಕೂತ್ಕೋತೀಯಾ?" ಅಂದೆ.

"ಎಲ್ಲಿ?"

"ನಿನ್ನ ಕುರ್ಚೀಲಿ."

"ಅದು ಕೆಲಸ ಮಾಡೋ ಜಾಗ ಅಲ್ವಾ?" ಅಂದಳು. ಮುಖ ಊದಿಸಿಕೊಂಡು ಹೇಳಿದ್ದರೆ ವಾಸಿಯಿತ್ತು. ನಿಜವಾಗಿಯೂ ಕೇಳುವವಳಂತೆ ಕೇಳಿದಳು.

ತಮ್ಮ ಮೊದಲಿಂದ ಕೊನೆಯವರೆಗೆ ವಿವರಿಸಿದ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು ನೂರು ವ್ಯಾಟಿನಷ್ಟು ಬಿಸಿ ಬರುತ್ತದೆ ಎಂದ. ಗಾಳಿ ಹೇಗೆ ಬರುತ್ತದೆ, ಎಲ್ಲಿ ತಡೆಯುತ್ತದೆ ಎಂದು ಕೈಯಾಡಿಸಿ ತೋರಿಸಿದ. ಅಮ್ಮ ಸೂಜಿ ನಿಲ್ಲಿಸಿ ಕೇಳಿಸಿಕೊಂಡಳು.

"ಅಂದ್ರೆ ಆರು ವರ್ಷ ನಾನು ನಿಮ್ಮ ಅಳತೆ ಕೆಡಿಸಿದ್ದೀನಿ."

"ಕೆಡಿಸಿಲ್ಲಮ್ಮ. ಎಲ್ಲದಕ್ಕೂ ಒಂದೇ ಸಮ ಕೆಡಿಸಿದ್ದೀಯ. ಅದಕ್ಕೆ ಹೋಲಿಕೆ ಸರಿಯಾಗೇ ಇದೆ. ಇದೊಂದಕ್ಕೆ ಮಾತ್ರ ನೀನು ಕೂತಿಲ್ಲ," ಎಂದ ತಮ್ಮ. ಸಮಾಧಾನ ಹೇಳುವುದರಲ್ಲಿ ಅವನದು ಎತ್ತಿದ ಕೈ.

ಅಮ್ಮ ಎದ್ದು ಬಂದಳು. ಕೆಲಸಕ್ಕೆ ಕರೆದರೆ ಇಲ್ಲವೆನ್ನುವ ಹೆಂಗಸಲ್ಲ ಅವಳು. ಆದರೆ ಆ ಮಧ್ಯಾಹ್ನ ಕೂತ ರೀತಿಯೇ ಬೇರೆ. ಡಾಕ್ಟರ ಹತ್ತಿರ ಸರದಿ ಕಾಯುವವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಹೀಗೆ ಕೂತ್ರೆ ಸರಿನಾ?" ಎಂದು ಕೇಳಿದಳು. ಮೊದಲಿನ ಹಾಗೆ ಕೂತ್ಕೋ, ಹೊಲಿ, ದೀಪ ಹಾಕ್ಕೋ ಎಂದು ತಮ್ಮ ಹೇಳಿದ. ಆರು ವರ್ಷ ತಾನಾಗಿ ಕೂತಿದ್ದವಳಿಗೆ ಈಗ ಕೂರುವುದು ಹೇಗೆಂದು ಹೇಳಿಕೊಡಬೇಕಾಯಿತು. ನಾನು ಪರದೆಯ ಕಡೆಗೆ ಮುಖ ತಿರುಗಿಸಿಕೊಂಡೆ.

ಹಳೆಯದನ್ನು ತೆಗೆದು ಮತ್ತೆ ಕೂರಿಸಿದ ಹೊಸ ಪ್ರೊಸೆಸರು, ಅಮ್ಮನ ಸಮೇತ: ಎಂಬತ್ತನಾಲ್ಕು, ಎಂಬತ್ತನಾಲ್ಕು, ಎಂಬತ್ತಮೂರು. ಹಳೆಯ ದೊಡ್ಡಣ್ಣನ ಸರಿಸಮ. ವೇಗ ನೂರಕ್ಕೆ ಹದಿನೆಂಟು ಪಾಲು ಹೆಚ್ಚೆನ್ನುವುದು ಹಾಗೇ ಉಳಿಯಿತು. ಐದು ಡಿಗ್ರಿ ತಣ್ಣಗೆ ಎಂಬುದು ಹಾರಿಹೋಯಿತು.

"ಕಂಪನಿಯವರಿಗೆ ಆ ಐದು ಡಿಗ್ರಿ ಎಲ್ಲಿ ಸಿಕ್ತೋ," ಎಂದ ತಮ್ಮ.

ಅಮ್ಮ ದಾರ ಪೋಣಿಸುತ್ತ ಹೇಳಿದಳು, "ಅಳತೆ ಕೊಡೋವಾಗ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ ಕಣೋ. ನಲವತ್ತು ವರ್ಷ ನೋಡಿದ್ದೀನಿ. ಅದೂ ಇದೂ ಮಾತಾಡಿಸ್ತಾ ಇರ್ಬೇಕು. ಮರೆತು ಹೊಟ್ಟೆ ಬಿಡ್ತಾರಲ್ಲ, ಆಗ ಟೇಪು ಹಿಡೀಬೇಕು."

ನಾನು ಆ ಮಾತನ್ನು ಕೂಡಲೇ ಬರೆದುಕೊಂಡೆ. ವಿಮರ್ಶೆಯ ಮೊದಲ ಸಾಲು ಅದೇ ಆಯಿತು. ಆಮೇಲೆ ನನ್ನ ವಕಾಲತ್ತು ಶುರು ಮಾಡಿದೆ.

"ನೋಡಿದ್ಯಾ ಅಮ್ಮ, ನೀನಿಲ್ಲದೆ ಒಂದು ಅಂಕಿ ಸರಿ ಬರಲ್ಲ. ನಿನಗೆ ಇಲ್ಲಿ ಎಷ್ಟು ಕೆಲಸ ಇದೆ ನೋಡು."

ಅಮ್ಮ ನಕ್ಕಳು. ನಾಲ್ಕು ದಿನದಲ್ಲಿ ಮೊದಲ ನಗು. "ಬಿಸಿಯಾಗಿರೋದು ಒಂದು ಕೆಲಸಾನಾ? ಹಾಗಂದ್ರೆ ಒಂದು ಬಲ್ಬು ಇಟ್ರೂ ಆಗುತ್ತಲ್ಲ."

ತಮ್ಮನ ಕಿವಿ ನಿಮಿರಿದ್ದನ್ನು ನಾನು ನೋಡಿದೆ. ಮೇಜಿನಡಿಯಲ್ಲಿ ಅವನ ಕಾಲು ತುಳಿದೆ. ಅವನಿಗೆ ಅರ್ಥವಾಗಲಿಲ್ಲ, ಕಾಲು ಹಿಂದಕ್ಕೆಳೆದುಕೊಂಡ, ಅಷ್ಟೇ.

ಶುಕ್ರವಾರ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಕುರ್ಚಿಯ ಮೇಲೆ ಹಳೇ ಕಾಲದ ನೂರು ವ್ಯಾಟಿನ ಬಲ್ಬೊಂದು ಹೋಲ್ಡರಿನಲ್ಲಿ ನಿಂತು ಉರಿಯುತ್ತಿತ್ತು. ಬೆತ್ತದ ಬೆನ್ನಿಗೆ ಒಂದು ಕಂಬಳಿ ಇಳಿಬಿಟ್ಟಿದ್ದ. ತಮ್ಮ ಹೊರಗಿನ ಕೋಣೆಗೆ ಓಡಿಹೋಗಿ, ಉಡುಗೊರೆ ಕೊಡುವವನ ಮುಖ ಹೊತ್ತು, ಅಮ್ಮನಿಗೆ ವರದಿ ಒಪ್ಪಿಸಿದ.

"ಎಂಬತ್ತಮೂರೂವರೆ ಬಂತಮ್ಮ. ನೀನು ಹೇಳಿದ್ದೇ ಸರಿ. ಇನ್ಮೇಲೆ ನಿನಗೆ ತೊಂದರೆ ಕೊಡ್ಬೇಕಾಗಿಲ್ಲ."

"ಒಳ್ಳೇದಾಯ್ತು," ಅಂದಳು ಅಮ್ಮ. ಸೂಟ್‌ಕೇಸಿನ ಜಿಪ್ಪು ಎಳೆದಳು.

ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಚೆನ್ನಾಗಿ ಉಗಿದೆ. ನಿನ್ನ ತಲೆಯೊಳಗೆ ಕೋರುಗಳು ಎಷ್ಟಿವೆ, ಒಂದಾದರೂ ಮನುಷ್ಯರಿಗೆ ಅಂತ ಇಟ್ಟಿದ್ದೀಯಾ ಎಂದೆ. ಅವನ ಮುಖ ಸಣ್ಣಗಾಯಿತು. "ನಾನು ಬಲ್ಬು ಇಟ್ಟಿದ್ದು ತಪ್ಪು, ಒಪ್ತೀನಿ," ಎಂದ. "ಆದ್ರೆ ಅಮ್ಮ ಹೊರಟಿರೋದು ಬಲ್ಬಿನಿಂದ ಅಲ್ಲ ಅಕ್ಕ."

ನಾನು ತಿರುಗಿ ಪರೀಕ್ಷೆಯ ಕೋಣೆಗೆ ಹೋದೆ.

ವಿಮರ್ಶೆ ಬರೆದು ಮುಗಿಸಿದೆ. ವೇಗಕ್ಕೆ ಪೂರ್ತಿ ಅಂಕ ಕೊಟ್ಟೆ, ತಂಪಿನ ಮಾತು ನಮ್ಮ ಮೇಜಿನ ಮೇಲೆ ನಿಲ್ಲಲಿಲ್ಲ ಎಂದು ನೇರವಾಗಿ ಬರೆದೆ. ಕೊನೆಯಲ್ಲಿ ಒಂದು ತಿದ್ದುಪಡಿ ಸೇರಿಸಿದೆ: "ಕಳೆದ ಆರು ವರ್ಷಗಳ ನಮ್ಮ ಎಲ್ಲ ಬಿಸಿಯ ಅಳತೆಗಳನ್ನು ಯಂತ್ರದಿಂದ ಒಂದು ಗೇಣು ದೂರದಲ್ಲಿ ನಮ್ಮ ತಾಯಿ ಕೂತಿದ್ದಾಗ ತೆಗೆಯಲಾಗಿದೆ. ಹೋಲಿಕೆ ಸರಿಯಿದೆ. ಆದರೆ ನಿಮ್ಮ ಮನೆಯಲ್ಲಿ ಅಂಕಿಗಳು ಸುಮಾರು ಐದು ಡಿಗ್ರಿ ಕಡಿಮೆ ಬರಬಹುದು."

ಸಂಪಾದಕರ ಫೋನು ಬಂತು. "ಈ ತಾಯಿಯ ವಿಷಯ ಹಾಕ್ಲೇಬೇಕಾ? ಜನ ನಗ್ತಾರೆ ಕಣಮ್ಮ."

"ಹಾಕ್ಲೇಬೇಕು ಸರ್. ನಗ್ಲಿ."

ಸಂಜೆ ಆರಕ್ಕೆ ಪ್ರಕಟವಾಯಿತು. ಜನ ನಕ್ಕರು. ಒಬ್ಬ ಓದುಗರು ತಮ್ಮ ಮನೆಯಲ್ಲಿ ಇಬ್ಬರು ಅತ್ತೆಯರಿದ್ದಾರೆ, ಎಷ್ಟು ಡಿಗ್ರಿ ಕಳೆಯಬೇಕು ಎಂದು ಕೇಳಿದರು. ಬೇರೆ ದಿನವಾಗಿದ್ದರೆ ನಾನು ಅದನ್ನು ಓದಿ ಹೇಳಿ ಅಮ್ಮನನ್ನು ನಗಿಸುತ್ತಿದ್ದೆ.

ಶನಿವಾರ ಬೆಳಗ್ಗೆ ಅಮ್ಮ ಚಪ್ಪಲಿ ಹುಡುಕುತ್ತಿದ್ದಳು. ಸೂಟ್‌ಕೇಸು ಬಾಗಿಲ ಹತ್ತಿರ ನಿಂತಿತ್ತು. ತಮ್ಮ ಬಸ್ ನಿಲ್ದಾಣಕ್ಕೆ ಟ್ಯಾಕ್ಸಿ ಕರೆಯಲು ರಸ್ತೆಗೆ ಹೋಗಿದ್ದ. ಬೇಕೆಂದೇ ಹೋಗಿದ್ದ ಅನ್ನಿಸುತ್ತದೆ, ಟ್ಯಾಕ್ಸಿ ಕರೆಯಬಹುದಾಗಿದ್ದ ಅವನ ಫೋನು ಮೇಜಿನ ಮೇಲೇ ಇತ್ತು. ನಾನು ಸೂಟ್‌ಕೇಸಿನ ಮೇಲೆ ಕೂತುಬಿಟ್ಟೆ.

"ಅಮ್ಮ, ಹೋಗ್ಬೇಡ."

"ಏಳು, ಜಿಪ್ಪು ಕಿತ್ತೋಗುತ್ತೆ."

"ನಾನು ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು." ಅಷ್ಟು ಹೊರಗೆ ಬಂದ ಮೇಲೆ ಉಳಿದದ್ದು ತಾನಾಗಿ ಬಂತು. "ನಿನಗೆ ಇಲ್ಲಿ ಏನೂ ಕೆಲಸ ಇಲ್ಲ. ಬಲ್ಬೂ ಮಾಡುತ್ತೆ ಅದನ್ನ. ಚಿಕ್ಕಮ್ಮನ ಅಂಗಡೀಲಿ ಬೇಕಾದಷ್ಟು ಕೆಲಸ ಇದೆ, ಗೊತ್ತು. ಆದ್ರೂ ನೀನು ಇಲ್ಲೇ ಇರು. ಈ ವಾರ ಆ ಕುರ್ಚಿ ಖಾಲಿ ನೋಡಿದಾಗೆಲ್ಲ ನನ್ನ ಬರೆಯೋ ಕೈ ನಿಂತು ಹೋಗ್ತಿತ್ತು. ಅಳತೆಗೆ ಅಲ್ಲ, ನನಗೆ ನೀನು ಬೇಕು."

ಹೇಳುವಾಗ ಅಳಬಾರದು ಎಂದುಕೊಂಡಿದ್ದೆ. ಅದೂ ಆಗಲಿಲ್ಲ.

ಅಮ್ಮ ಒಂದು ಚಪ್ಪಲಿ ಮೆಟ್ಟಿಕೊಂಡು ಹಾಗೇ ನಿಂತಳು. "ನಾನು ಏಸಿಗೆ ಅಂತ ಬಂದು ಕೂರ್ತಿದ್ದೆ ಅಂದ್ಕೊಂಡಿದ್ಯಾ? ಚಳಿಗೆ ನನ್ನ ಬೆನ್ನು ಹಿಡ್ಕೊಂಡು ಬಿಡ್ತಿತ್ತು ಕಣೇ," ಅಂದಳು. "ನೀವಿಬ್ರೂ ಆ ಕೋಣೆ ಬಾಗಿಲು ಹಾಕ್ಕೊಂಡ್ರೆ ಸಂಜೆವರೆಗೂ ಹೊರಗೆ ಬರ್ತಿರಲಿಲ್ಲ. ಮಕ್ಕಳಿರೋ ಕಡೆ ನಾನು ಕೂತೆ. ಅದಕ್ಕೂ ಒಂದು ಕೆಲಸ ಬೇಕು ಅಂತ ನನಗೆ ಗೊತ್ತಿರಲಿಲ್ಲ."

ನಾನು ಎದ್ದು ಅವಳ ಹೆಗಲಿಗೆ ಮುಖವಿಟ್ಟೆ. ಶಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆಯಿತ್ತು. ಅವಳು ನನ್ನ ಬೆನ್ನು ತಟ್ಟಲಿಲ್ಲ, ತಳ್ಳಲೂ ಇಲ್ಲ. "ಹೋಗ್ಲೇಬೇಕು. ಮಾತು ಕೊಟ್ಟಿದ್ದೀನಿ. ಆ ಯೂನಿಫಾರ್ಮು ಮುಗೀದೆ ಅವಳಿಗೆ ಉಸಿರಾಡೋಕಾಗಲ್ಲ," ಅಂದಳು.

ನಾನು ತಲೆಯಾಡಿಸಿದೆ.

ಅಮ್ಮ ಬಗ್ಗಿ ಸೂಟ್‌ಕೇಸನ್ನು ನೆಲಕ್ಕೆ ಮಲಗಿಸಿ ಜಿಪ್ಪು ತೆರೆದಳು. "ಆ ಸಣ್ಣ ಚೀಲ ತಗೊಂಡು ಬಾ," ಅಂದಳು. ತಂದುಕೊಟ್ಟೆ. "ಹತ್ತು ದಿನಕ್ಕೆ ಎಷ್ಟು ಜೊತೆ ಬಟ್ಟೆ ಬೇಕಾಗುತ್ತೆ, ನೀನೇ ತೆಗೆದುಕೊಡು."

ನಾನು ಮಂಡಿಯೂರಿ ಕೂತು ಐದು ಜೊತೆ ತೆಗೆದು ಅವಳ ಕೈಗೆ ಕೊಟ್ಟೆ. ಅಮ್ಮ ಅವನ್ನು ಒಂದೊಂದಾಗಿ ನೋಡಿದಳು. ಮೂರನ್ನು ಸಣ್ಣ ಚೀಲಕ್ಕೆ ಹಾಕಿ, "ಇಷ್ಟು ಸಾಕು," ಎಂದು ಉಳಿದ ಎರಡು ಜೊತೆಯನ್ನು ಒಳಗೆ ಒಯ್ದು ವಾಪಸ್ ಬೀರುವಿನಲ್ಲಿಟ್ಟಳು.